ಟಿಬಿ ಕ್ರಿಮಿಯ ಒಂದು ಕಿಣ್ವ: ಗುಳಿಗೆ ನಡುವೆ ಬಿಟ್ಟರೆ ಏನಾಗುತ್ತದೆ?

ಸಿಂದಗಿ ಕಡೆಯ ಒಂದು ಹಳ್ಳಿಯಿಂದ ತಂದೆ ಮತ್ತು ಮಗಳು ನನ್ನ ದವಾಖಾನೆಗೆ ಬಂದಿದ್ದರು. ತಂದೆಯ ಕೈಯಲ್ಲಿ ಪ್ರಯೋಗಾಲಯದ ವರದಿಯೊಂದಿತ್ತು. ಮಗಳಿಗೆ ಟಿಬಿ ಆಗಿರುವುದು ಅವರಿಗೆ ಗೊತ್ತಿತ್ತು, ಅದರ ಗುಳಿಗೆಗಳೂ ಶುರುವಾಗಿದ್ದವು. ಆದರೆ ಈ ಸಲದ ವರದಿಯಲ್ಲಿ ಹೊಸ ಹೆಸರೊಂದು ಬಂದಿತ್ತು: ‘ಕ್ಯಾಟ್-ಜಿ’. ಅದರ ಮುಂದೆ, ಐಸೋನಿಯಾಜಿಡ್ ಔಷಧಿಗೆ ಪ್ರತಿರೋಧ ಕಂಡುಬಂದಿದೆ ಎಂದು ಬರೆದಿತ್ತು.

“ಸಾಹೇಬ್ರ, ಇದೇನ್ ಬರದಾರ್ರೀ ಇದ್ರಾಗ? ನನ್ನ ಮಗಳಿಗೆ ಮತ್ತೊಂದು ರೋಗ ಏನಾರ ಬಂತೇನ್ರೀ?” ಎಂದು ತಂದೆ ಕೇಳಿದರು.

“ಹೊಸ ರೋಗ ಅಲ್ಲರೀ ಚಾಚಾ. ಇದು ನಿಮ್ಮ ಮಗಳ ಮೈಯಾಗಿನ ಸುದ್ದಿ ಅಲ್ಲ, ಆ ಕ್ರಿಮಿಯ ಮೈಯಾಗಿನ ಸುದ್ದಿ” ಎಂದೆ. ಅವರಿಗೆ ಅದು ಪೂರ್ತಿ ತಿಳಿಯಲಿಲ್ಲ. ಅಂದು ಹೊರಗೆ ರೋಗಿಗಳ ಸಾಲು ಇತ್ತು, ಕೂತು ಬಿಡಿಸಿ ಹೇಳಲು ನನಗೂ ಆಗಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳಿಂದ ನನ್ನ ಬಳಿ ಬರುವ ಕುಟುಂಬಗಳಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಇದೆ. “ಕೆಮ್ಮು ನಿಂತೈತಿ, ಇನ್ನ್ಯಾಕ ಗುಳಿಗಿ?” ಎನ್ನುವವರೂ ಕೇಳುತ್ತಿರುವುದು ಇದನ್ನೇ. ಆದ್ದರಿಂದ ಈ ತಿಂಗಳ ಪುಟಗಳಲ್ಲಿ ಆ ಒಂದು ಹೆಸರನ್ನೇ ಹಿಡಿದು ಪಾಠ ಮಾಡೋಣ. ಕ್ಯಾಟ್-ಜಿ ಎಂದರೇನು? ಅದರ ಆಕಾರ ಹೇಗಿದೆ? ಅದಕ್ಕೂ ನಮ್ಮ ಮನೆಯ ಗುಳಿಗೆ ಡಬ್ಬಿಗೂ ಏನು ಸಂಬಂಧ?

ಕಿಣ್ವ ಎಂದರೇನು?

ಜೋಳದ ರೊಟ್ಟಿಯ ಒಂದು ತುಣುಕನ್ನು ಪಲ್ಯ ಇಲ್ಲದೆ ಬಾಯಿಗೆ ಹಾಕಿಕೊಂಡು ನುಂಗದೆ ಚೆನ್ನಾಗಿ ಅಗಿಯಿರಿ. ಸ್ವಲ್ಪ ಹೊತ್ತಿಗೆ ಅದು ಸಿಹಿಯಾಗತೊಡಗುತ್ತದೆ. ರೊಟ್ಟಿಗೆ ಯಾರೂ ಸಕ್ಕರೆ ಹಾಕಿಲ್ಲ. ನಮ್ಮ ಜೊಲ್ಲಿನಲ್ಲಿರುವ ಒಂದು ಪ್ರೋಟೀನು ಜೋಳದ ಪಿಷ್ಟವನ್ನು ಒಡೆದು ಸಕ್ಕರೆಯಾಗಿ ಮಾಡುತ್ತದೆ. ಹೀಗೆ ಒಂದು ವಸ್ತುವನ್ನು ಇನ್ನೊಂದಾಗಿ ಬೇಗ ಬದಲಾಯಿಸಿಯೂ ತಾನು ಸವೆಯದೆ ಉಳಿಯುವ ಪ್ರೋಟೀನಿಗೆ ಕಿಣ್ವ ಎನ್ನುತ್ತಾರೆ.

ಇನ್ನೊಂದು ಉದಾಹರಣೆಯನ್ನೂ ನೀವು ನೋಡಿರುತ್ತೀರಿ. ಗಾಯ ತೊಳೆಯಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸ್ಸೆಂದು ಬಿಳಿ ನೊರೆ ಬರುತ್ತದೆ. ನಮ್ಮ ರಕ್ತದಲ್ಲೂ ಜೀವಕೋಶಗಳಲ್ಲೂ ಇರುವ ‘ಕ್ಯಾಟಲೇಸ್’ ಎಂಬ ಕಿಣ್ವ ಆ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಆ ನೊರೆ. ಈ ಹೆಸರನ್ನು ನೆನಪಿನಲ್ಲಿಡಿ. ಕ್ಯಾಟ್-ಜಿ ಎಂಬ ಹೆಸರಿನ ‘ಕ್ಯಾಟ್’ ಬಂದಿರುವುದು ಇದರಿಂದಲೇ.

ಕಿಣ್ವಗಳು ಮನುಷ್ಯನಿಗೆ ಮಾತ್ರ ಸೇರಿದವಲ್ಲ. ಗಿಡ, ಪ್ರಾಣಿ, ಬ್ಯಾಕ್ಟೀರಿಯಾ ಎಲ್ಲಕ್ಕೂ ಅವು ಬೇಕು. ಟಿಬಿ ಕ್ರಿಮಿಯನ್ನು ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಜಗತ್ತಿಗೆ ತೋರಿಸಿಕೊಟ್ಟರು. 1998ರಲ್ಲಿ ಅದರ ಇಡೀ ಜೀನ್ ಸರಣಿಯನ್ನು ಓದಿದಾಗ ಅದರಲ್ಲಿ ಸುಮಾರು 4,000 ಜೀನ್‌ಗಳಿರುವುದು ತಿಳಿಯಿತು. ಪ್ರೋಟೀನುಗಳನ್ನು ಕಟ್ಟುವ ಅಪ್ಪಣೆ ಈ ಜೀನ್‌ಗಳಲ್ಲಿರುತ್ತದೆ, ಆ ಪ್ರೋಟೀನುಗಳಲ್ಲಿ ಎಷ್ಟೋ ಕಿಣ್ವಗಳು. ಕ್ಯಾಟ್-ಜಿ ಅವುಗಳಲ್ಲಿ ಒಂದು.

ಕಣ್ಣಿಗೆ ಕಾಣದ್ದರ ಆಕಾರ ತಿಳಿದದ್ದು ಹೇಗೆ?

ಕಿಣ್ವ ಎಷ್ಟು ಚಿಕ್ಕದೆಂದರೆ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಅದರ ಅಳತೆಗೆ ಆಂಗ್‌ಸ್ಟ್ರಾಮ್ ಎಂಬ ಮಾನ ಬಳಸುತ್ತಾರೆ. ಒಂದು ಸೆಂಟಿಮೀಟರನ್ನು 10 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಇಷ್ಟು ಸಣ್ಣದರ ಆಕಾರ ತಿಳಿಯುವ ಮುಖ್ಯ ವಿಧಾನ ಹರಳು ಕಟ್ಟಿಸುವುದು.

ನಮ್ಮ ಯುನಾನಿ ಅಂಗಡಿಗಳಲ್ಲಿ ಸಿಗುವ ಮಿಶ್ರಿ, ಅಂದರೆ ಕಲ್ಲುಸಕ್ಕರೆ, ಹೇಗೆ ಆಗುತ್ತದೆ? ಗಟ್ಟಿ ಪಾಕದಲ್ಲಿ ದಾರ ಇಳಿಬಿಟ್ಟು ಅಲುಗಾಡಿಸದೆ ಇಟ್ಟರೆ ಸಕ್ಕರೆಯ ಕಣಗಳು ಒಂದರ ಪಕ್ಕ ಒಂದು ಸಾಲಾಗಿ ಕೂತು ಹರಳಾಗುತ್ತವೆ. ನಮಾಝಿನ ಸಫ್‌ಗಳಂತೆ ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿ. ಕಿಣ್ವವನ್ನೂ ಶುದ್ಧ ಮಾಡಿ, ತಕ್ಕ ಲವಣದ ನೀರಿನಲ್ಲಿ ಹನಿಯಾಗಿ ಇಟ್ಟು, ಕೆಲವೊಮ್ಮೆ ವಾರಗಟ್ಟಲೆ ಕಾದರೆ ರವೆಯ ಕಾಳಿಗಿಂತ ಚಿಕ್ಕ ಹರಳು ಬರುತ್ತದೆ. ಅದರ ಮೇಲೆ ಕ್ಷ-ಕಿರಣ ಬಿಟ್ಟರೆ ಕಿರಣ ಚದುರಿ ಸಾವಿರಾರು ಚುಕ್ಕೆಗಳ ನಕ್ಷೆ ಮೂಡುತ್ತದೆ. ಆ ಚುಕ್ಕೆಗಳ ಜಾಗ ಮತ್ತು ಕಾಂತಿಯನ್ನು ಲೆಕ್ಕ ಹಾಕಿ, ಒಳಗಿನ ಪ್ರತಿ ಅಣುವೂ ಎಲ್ಲಿದೆ ಎಂದು ಕಂಡುಹಿಡಿಯುತ್ತಾರೆ. ಇದಕ್ಕೆ ಹರಳು ರಚನೆ, ಅಥವಾ ಸ್ಫಟಿಕ ರಚನೆ, ಎಂದು ಹೆಸರು. ಪೆನಿಸಿಲಿನ್ ಔಷಧಿಯ ರಚನೆಯನ್ನು ಇದೇ ದಾರಿಯಲ್ಲಿ 1945ರಲ್ಲಿ ಬಿಡಿಸಿದ ಇಂಗ್ಲೆಂಡಿನ ಡೊರೊಥಿ ಹಾಡ್‌ಕಿನ್ ಅವರಿಗೆ 1964ರಲ್ಲಿ ನೊಬೆಲ್ ಪುರಸ್ಕಾರ ಬಂತು.

ಈ ವಿದ್ಯೆ ನಮ್ಮ ರಾಜ್ಯಕ್ಕೆ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಅವರು 1971ರಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಹಾಡ್‌ಕಿನ್ ಅವರ ಜೊತೆ ಇನ್ಸುಲಿನ್ ರಚನೆಯ ಮೇಲೆ ಕೆಲಸ ಮಾಡಿ ಬಂದ ಎಂ. ವಿಜಯನ್ ಅಲ್ಲಿಯೇ ನೆಲೆನಿಂತು ಪ್ರೋಟೀನು ಹರಳುಗಳ ಅಭ್ಯಾಸವನ್ನು ಬೆಳೆಸಿದರು. ಅವರ ತಂಡ ಟಿಬಿ ಕ್ರಿಮಿಯ ಪ್ರೋಟೀನುಗಳನ್ನೇ ಆರಿಸಿಕೊಂಡಿತು. ಕ್ರಿಮಿಯ ಡಿಎನ್ಎಗೆ ಪೆಟ್ಟು ಬಿದ್ದಾಗ ಅದನ್ನು ಸರಿಪಡಿಸಲು ನೆರವಾಗುವ ‘ರೆಕ್-ಎ’ ಎಂಬ ಪ್ರೋಟೀನಿನ ಹರಳು ರಚನೆಯನ್ನು, ಅದೇ ಸಂಸ್ಥೆಯ ಕೆ. ಮುನಿಯಪ್ಪ ಅವರ ಜೊತೆಗೂಡಿ, 2000ದಲ್ಲಿ ಪ್ರಕಟಿಸಿದರು. ಕ್ರಿಮಿಗೆ ಬೇಕಾದ ಕೋಎನ್ಜೈಮ್-ಎ ತಯಾರಾಗಲು ಮೊದಲ ಹೆಜ್ಜೆ ಇಡುವ ‘ಪ್ಯಾಂಟೋಥೆನೇಟ್ ಕೈನೇಸ್’ ಎಂಬ ಕಿಣ್ವದ ರಚನೆಯೂ ಅವರ ತಂಡದಿಂದ ಬಂತು. ವಿಜಯನ್ 2022ರಲ್ಲಿ ತೀರಿಕೊಂಡರು. ಶತ್ರುವಿನ ಮನೆಯ ನಕ್ಷೆ ಕೈಯಲ್ಲಿದ್ದರೆ ಎಲ್ಲಿ ಹೊಡೆಯಬೇಕೆಂದು ತಿಳಿಯುತ್ತದೆ ಎಂಬುದೇ ಇಂತಹ ಕೆಲಸಗಳ ಹಿಂದಿನ ಯೋಚನೆ.

ಕ್ಯಾಟ್-ಜಿಯ ನಕ್ಷೆ ಬಂದದ್ದು ಬೆಂಗಳೂರಿನಿಂದಲ್ಲ. ಟಿಬಿ ಕ್ರಿಮಿಯ ಕ್ಯಾಟ್-ಜಿ ಹರಳು ರಚನೆಯನ್ನು ಇಂಗ್ಲೆಂಡಿನ ವಿಜ್ಞಾನಿಗಳಿದ್ದ ತಂಡ 2004ರಲ್ಲಿ ಪ್ರಕಟಿಸಿತು. ವಿಧಾನ ಮಾತ್ರ ಮೇಲೆ ಹೇಳಿದ್ದೇ.

ಕ್ಯಾಟ್-ಜಿ ಹೇಗಿದೆ, ಏನು ಮಾಡುತ್ತದೆ?

ಕ್ಯಾಟ್-ಜಿ ಎರಡು ಒಂದೇ ತರಹದ ಸರಪಳಿಗಳು ಒಂದಕ್ಕೊಂದು ತೆಕ್ಕೆ ಹಾಕಿಕೊಂಡಂತೆ ಇದೆ. ಪ್ರತಿ ಸರಪಳಿಯಲ್ಲಿ 740 ಕೊಂಡಿಗಳು. ಒಂದೊಂದು ಕೊಂಡಿಯೂ ಒಂದು ಅಮೈನೋ ಆಮ್ಲ. ಸರಪಳಿ ಸುತ್ತಿ ಮಡಚಿಕೊಂಡು ಉಂಡೆಯಂತಾಗಿ, ಅದರ ಒಳಗೆ ಆಳದಲ್ಲಿ ಕಬ್ಬಿಣದ ಅಣುವಿರುವ ‘ಹೀಮ್’ ಕೂತಿದೆ. ನಮ್ಮ ರಕ್ತವನ್ನು ಕೆಂಪಾಗಿಸುವ ಹೀಮೋಗ್ಲೋಬಿನ್‌ನಲ್ಲಿ ಇರುವುದೂ ಇಂತಹದೇ ಹೀಮ್. ಹೊರಗಿನಿಂದ ಈ ಹೀಮ್‌ವರೆಗೆ ಒಂದು ಇಕ್ಕಟ್ಟಾದ ಓಣಿ ಇದೆ. ಕೆಲಸ ನಡೆಯುವುದು ಒಳಗೆ, ಹೀಮ್ ಬಳಿ. ಅಲ್ಲಿಗೆ ಹೋಗಲು ಆ ಓಣಿಯೇ ದಾರಿ.

ನಮ್ಮ ಊರಿನ ಹಿಟ್ಟಿನ ಗಿರಣಿಯನ್ನು ನೆನೆಯಿರಿ. ಮೇಲೆ ಕಾಳು ಸುರಿಯುವ ಬಾಯಿ, ಒಳಗೆ ಕಲ್ಲು. ಕ್ಯಾಟ್-ಜಿಯೂ ಹಾಗೆಯೇ. ಓಣಿ ಅದರ ಬಾಯಿ, ಹೀಮ್ ಅದರ ಕಲ್ಲು.

ಈ ಗಿರಣಿ ಕ್ರಿಮಿಗೆ ಯಾಕೆ ಬೇಕು? ಟಿಬಿ ಕ್ರಿಮಿ ನಮ್ಮ ಎದೆಗೂಡಿಗೆ ಹೊಕ್ಕಾಗ ದೇಹದ ಕಾವಲು ಕೋಶಗಳು ಅದನ್ನು ನುಂಗುತ್ತವೆ. ನುಂಗಿ, ಅದರ ಮೇಲೆ ಹೈಡ್ರೋಜನ್ ಪೆರಾಕ್ಸೈಡಿನಂತಹ ಸುಡುವ ವಸ್ತುಗಳನ್ನು ಬಿಡುತ್ತವೆ. ಕ್ಯಾಟ್-ಜಿ ಆ ಪೆರಾಕ್ಸೈಡನ್ನು ಒಡೆದು ಕ್ರಿಮಿಯನ್ನು ಕಾಯುತ್ತದೆ. ಗಾಯದ ಮೇಲೆ ನೀವು ಕಂಡ ನೊರೆಯ ಕೆಲಸವೇ ಇದು. ಇಲ್ಲಿ ಮಾತ್ರ ಅದು ನಮ್ಮ ಶತ್ರುವಿನ ರಕ್ಷಣೆಗಾಗಿ ನಡೆಯುತ್ತದೆ.

ಗುಳಿಗೆಗೆ ಶತ್ರುವಿನ ಗಿರಣಿಯೇ ಬೇಕು

ಈಗ ನಮ್ಮ ಗುಳಿಗೆಯ ವಿಷಯಕ್ಕೆ ಬರೋಣ. ಐಸೋನಿಯಾಜಿಡ್ ಎಂಬ ವಸ್ತುವನ್ನು 1912ರಲ್ಲೇ ಪ್ರಾಗ್ ನಗರದಲ್ಲಿ ತಯಾರಿಸಿದ್ದರು. ಅದು ಟಿಬಿಗೆ ಮದ್ದು ಎಂದು ಗೊತ್ತಾದದ್ದು 1952ರಲ್ಲಿ. ಅಗ್ಗ, ಬಾಯಿಂದ ನುಂಗಬಹುದು, ಗುಣವೂ ಬೇಗ ಕಾಣುತ್ತದೆ. ಇಂದಿಗೂ ಟಿಬಿ ಚಿಕಿತ್ಸೆಯ ಮುಖ್ಯ ಔಷಧಿಗಳಲ್ಲಿ ಅದೊಂದು.

ಆದರೆ ನಾವು ನುಂಗುವ ಐಸೋನಿಯಾಜಿಡ್ ಹಾಗೆಯೇ ಇದ್ದರೆ ಕ್ರಿಮಿಯನ್ನು ಕೊಲ್ಲುವುದಿಲ್ಲ. ಅದು ಇಡೀ ಜೋಳದ ಕಾಳಿದ್ದಂತೆ. ರೊಟ್ಟಿಯಾಗಬೇಕಾದರೆ ಮೊದಲು ಹಿಟ್ಟಾಗಬೇಕು. ಅದನ್ನು ಹಿಟ್ಟು ಮಾಡುವ ಗಿರಣಿ ಕ್ರಿಮಿಯ ಕ್ಯಾಟ್-ಜಿಯೇ. ಕ್ರಿಮಿಯ ಒಳಗೆ ಹೋದ ಐಸೋನಿಯಾಜಿಡನ್ನು ಕ್ಯಾಟ್-ಜಿ ಚುರುಕುಗೊಳಿಸುತ್ತದೆ. ಹಾಗೆ ಚುರುಕಾದ ಔಷಧಿ ‘ನ್ಯಾಡ್’ ಎಂಬ ಅಣುವಿಗೆ ಅಂಟಿಕೊಂಡು, ‘ಇನ್-ಎಚ್ಎ’ ಎಂಬ ಮತ್ತೊಂದು ಕಿಣ್ವದ ಒಳಗೆ ಹೋಗಿ ಕೂತು ಅದನ್ನು ಕಟ್ಟಿಹಾಕುತ್ತದೆ. ಇನ್-ಎಚ್ಎ ಕೆಲಸವೇನೆಂದರೆ ಟಿಬಿ ಕ್ರಿಮಿಯ ಹೊರಗೋಡೆಗೆ ಬೇಕಾದ ಮೇಣದಂತಹ ಕೊಬ್ಬನ್ನು ಕಟ್ಟುವುದು. ಅದು ನಿಂತರೆ ಗೋಡೆ ಕಟ್ಟಲಾಗದೆ ಕ್ರಿಮಿ ಸಾಯುತ್ತದೆ. ಇನ್-ಎಚ್ಎ ಹರಳು ರಚನೆ 1995ರಲ್ಲಿ ಬಂತು. ಚುರುಕಾದ ಔಷಧಿ ಅದರೊಳಗೆ ಎಲ್ಲಿ ಕೂರುತ್ತದೆ ಎಂಬುದನ್ನು 1998ರಲ್ಲಿ ಹರಳಿನಲ್ಲೇ ಕಂಡರು.

ಶತ್ರುವಿನ ಗಿರಣಿಯಲ್ಲೇ ಶತ್ರುವಿನ ವಿಷ ಬೀಸುವುದು ಒಳ್ಳೆಯ ಉಪಾಯವೇ. ಆದರೆ ಆ ಗಿರಣಿ ನಮ್ಮ ಕಾಳನ್ನು ತೆಗೆದುಕೊಳ್ಳದಿದ್ದರೆ?

ಒಂದೇ ಕೊಂಡಿ ಬದಲಾದಾಗ

ಐಸೋನಿಯಾಜಿಡ್‌ಗೆ ಬಗ್ಗದ ಟಿಬಿ ಕ್ರಿಮಿಗಳಲ್ಲಿ ಕ್ಯಾಟಲೇಸ್ ಕೆಲಸ ಕುಂದಿರುವುದನ್ನು ಅಮೆರಿಕದ ಮಿಡ್ಲ್‌ಬ್ರೂಕ್ 1954ರಲ್ಲೇ ಗಮನಿಸಿದ್ದರು. ಅದಕ್ಕೆ ಕಾರಣ ಕ್ಯಾಟ್-ಜಿ ಎಂದು ಲಂಡನ್ ಮತ್ತು ಪ್ಯಾರಿಸ್‌ನ ವಿಜ್ಞಾನಿಗಳು ತೋರಿಸಿದ್ದು 1992ರಲ್ಲಿ. ನಲವತ್ತು ವರ್ಷ ಜನ ಆ ಗುಳಿಗೆ ನುಂಗಿ ಗುಣವಾದ ಮೇಲೆ ಅದು ಕೆಲಸ ಮಾಡುವ ಬಗೆ ತಿಳಿಯಿತು!

ಕ್ಯಾಟ್-ಜಿಯ 740 ಕೊಂಡಿಗಳಲ್ಲಿ 315ನೆಯದು ಸಾಮಾನ್ಯವಾಗಿ ‘ಸೆರೀನ್’ ಎಂಬ ಅಮೈನೋ ಆಮ್ಲ. ಕೆಲವು ಕ್ರಿಮಿಗಳಲ್ಲಿ ಆ ಜಾಗಕ್ಕೆ ‘ಥ್ರಿಯೊನೀನ್’ ಬಂದು ಕೂರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಇಂಗಾಲ, ಎರಡು ಹೈಡ್ರೋಜನ್ ಅಣುಗಳಷ್ಟೇ. ಆದರೆ ಈ 315ನೆಯ ಕೊಂಡಿ ಇರುವುದು ಹೀಮ್‌ಗೆ ಹೋಗುವ ಓಣಿಯ ಪಕ್ಕದಲ್ಲಿ. ಅಲ್ಲಿ ಅಷ್ಟು ಉಬ್ಬಿದರೆ ಸಾಕು, ಓಣಿ ಕಿರಿದಾಗುತ್ತದೆ.

ಮತ್ತೆ ಗಿರಣಿಯನ್ನೇ ನೆನೆಯೋಣ. ಬಾಯಿ ಕಿರಿದಾದರೆ ಜೋಳದ ಕಾಳು ಇಳಿಯುವುದಿಲ್ಲ, ಸಾಸಿವೆ ಇಳಿಯುತ್ತದೆ. ಐಸೋನಿಯಾಜಿಡ್ ಜೋಳದ ಕಾಳು, ಪೆರಾಕ್ಸೈಡ್ ಸಾಸಿವೆ. ಬದಲಾದ ಕ್ಯಾಟ್-ಜಿ ಪೆರಾಕ್ಸೈಡನ್ನು ಒಡೆದು ಕ್ರಿಮಿಯನ್ನು ಕಾಯುತ್ತಲೇ ಇರುತ್ತದೆ, ನಮ್ಮ ಔಷಧಿಯನ್ನು ಮಾತ್ರ ಚುರುಕುಗೊಳಿಸುವುದಿಲ್ಲ. ಕಿಣ್ವವನ್ನು ಪೂರ್ತಿ ಕಳೆದುಕೊಂಡ ಕ್ರಿಮಿ ದುರ್ಬಲವಾಗುತ್ತದೆ. ಈ ಒಂದು ಕೊಂಡಿ ಬದಲಾದ ಕ್ರಿಮಿಯಾದರೋ ಗಟ್ಟಿಯಾಗಿಯೇ ಉಳಿದು ಇನ್ನೊಬ್ಬರಿಗೆ ಹರಡಬಲ್ಲದು. ಐಸೋನಿಯಾಜಿಡ್‌ಗೆ ಬಗ್ಗದ ಟಿಬಿಯಲ್ಲಿ ಅತಿ ಹೆಚ್ಚಾಗಿ ಕಾಣುವ ಬದಲಾವಣೆ ಇದೇ. ಆ ತಂದೆ ತಂದ ವರದಿಯಲ್ಲಿ ಬರೆದದ್ದೂ ಇದನ್ನೇ. ‘ಲೈನ್ ಪ್ರೋಬ್’ ಎಂಬ ಪರೀಕ್ಷೆಯಲ್ಲಿ ಕಫದೊಳಗಿನ ಕ್ರಿಮಿಯ ಕ್ಯಾಟ್-ಜಿ ಜೀನನ್ನೇ ನೋಡುತ್ತಾರೆ.

ನಾಲ್ಕು ಔಷಧಿ, ಆರು ತಿಂಗಳು ಯಾಕೆ?

ಈ ಬದಲಾವಣೆಯನ್ನು ಔಷಧಿ ಹುಟ್ಟಿಸುವುದಿಲ್ಲ. ಕ್ರಿಮಿಗಳು ಹೆಚ್ಚುವಾಗ ತಾನಾಗಿಯೇ ಅಲ್ಲೊಂದು ಇಲ್ಲೊಂದು ತಪ್ಪು ನಕಲು ಆಗುತ್ತದೆ. ಸುಮಾರು 10 ಲಕ್ಷ ಕ್ರಿಮಿಗಳಲ್ಲಿ ಒಂದು ಐಸೋನಿಯಾಜಿಡ್‌ಗೆ ಬಗ್ಗದ್ದಾಗಿರಬಹುದು. ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು 10 ಕೋಟಿಗೆ ಒಂದು. ಶ್ವಾಸಕೋಶದಲ್ಲಿ ಟಿಬಿಯಿಂದ ಆದ ಒಂದು ಗುಳಿಯಲ್ಲಿ ಹತ್ತಾರು ಕೋಟಿ ಕ್ರಿಮಿಗಳಿರಬಲ್ಲವು. ಅಂದರೆ ಒಂದೇ ಔಷಧಿ ಕೊಟ್ಟರೆ ಅದಕ್ಕೆ ಬಗ್ಗದ ಕೆಲವು ಅಲ್ಲಿ ಮೊದಲೇ ಕಾದಿರುತ್ತವೆ. ಎರಡಕ್ಕೂ ಒಟ್ಟಿಗೆ ಬಗ್ಗದ ಕ್ರಿಮಿ ಸಿಗಬೇಕಾದರೆ 100 ಲಕ್ಷ ಕೋಟಿಯಲ್ಲಿ ಒಂದು. ಅಷ್ಟು ಕ್ರಿಮಿಗಳು ಯಾರ ಎದೆಯಲ್ಲೂ ಇರುವುದಿಲ್ಲ.

ಇದಕ್ಕಾಗಿಯೇ ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ, ರೋಗಿಯ ತೂಕ ನೋಡಿ, ದಿನಾಲೂ ಕೊಡುತ್ತಾರೆ. ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ. ಒಂದರ ಕೈ ತಪ್ಪಿಸಿಕೊಂಡ ಕ್ರಿಮಿಯನ್ನು ಇನ್ನೊಂದು ಹಿಡಿಯುತ್ತದೆ. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುವುದು ಚುರುಕಾಗಿರುವ ಕ್ರಿಮಿಗಳು ಸತ್ತಿದ್ದರಿಂದ. ಮಂಕಾಗಿ ಮಲಗಿರುವವು ಇನ್ನೂ ಉಳಿದಿರುತ್ತವೆ. ಉಳಿದ ನಾಲ್ಕು ತಿಂಗಳು ಅವುಗಳಿಗಾಗಿ.

ಒಂದು ದಿನ ತಿಂದು ಎರಡು ದಿನ ಬಿಟ್ಟು, ಮತ್ತೆ ತಿಂದು, ಮತ್ತೆ ಬಿಟ್ಟರೆ ಏನಾಗುತ್ತದೆ? ಹೊಲದಲ್ಲಿ ಕಸ ತೆಗೆಯುವಾಗ ಮೆತ್ತನೆಯ ಹುಲ್ಲು ಕಿತ್ತು ಗರಿಕೆಯನ್ನು ಬಿಟ್ಟಂತೆ. ಜಾಗ ಖಾಲಿಯಾಯಿತು, ಗರಿಕೆ ಹಬ್ಬುತ್ತದೆ. ಹಾಗೆಯೇ ಸಾಧಾರಣ ಕ್ರಿಮಿಗಳು ಸತ್ತು, ಓಣಿ ಕಿರಿದಾದ ಕ್ಯಾಟ್-ಜಿ ಇರುವವು ಹೆಚ್ಚುತ್ತವೆ.

ಆ ಹುಡುಗಿಯ ವಿಷಯದಲ್ಲಿ ಆದದ್ದು

ಆ ಹುಡುಗಿಯ ಮೊದಲ ವರದಿಯಲ್ಲಿ ಯಾವ ಪ್ರತಿರೋಧವೂ ಇರಲಿಲ್ಲ. ಎರಡು ತಿಂಗಳು ಗುಳಿಗೆ ಸರಿಯಾಗಿ ನಡೆಯಿತು. ಆಮೇಲೆ ಮದುವೆಯ ಮಾತು ಬಂತು. ಗಂಡಿನ ಕಡೆಯವರು ಬಂದುಹೋಗುವ ದಿನಗಳಲ್ಲಿ ಗುಳಿಗೆ ಡಬ್ಬಿಯನ್ನು ಜೋಳದ ಚೀಲದ ಹಿಂದೆ ಬಚ್ಚಿಟ್ಟರಂತೆ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ನೆರೆಯವರಿಗೆ ತಿಳಿಯುತ್ತದೆಂದು ಬರಬೇಡಿ ಎಂದರಂತೆ. ವಾರದಲ್ಲಿ ಎರಡು ದಿನ ತಿಂದರೆ ಮೂರು ದಿನ ಇಲ್ಲ. ಕೆಮ್ಮು ಇಲ್ಲವಲ್ಲ ಎಂಬ ಧೈರ್ಯ. ಕೆಲವು ತಿಂಗಳಲ್ಲಿ ಸಂಜೆ ಜ್ವರ ಮರಳಿತು, ಕಫದಲ್ಲಿ ರಕ್ತದ ಗೆರೆ ಕಾಣಿಸಿತು.

ಆ ತಾಯಿತಂದೆಯರ ಮೇಲೆ ನಾನು ಸಿಟ್ಟು ಮಾಡಲಿಲ್ಲ, ಮಾಡುವ ಅರ್ಹತೆಯೂ ನನಗಿಲ್ಲ. ವೃತ್ತಿ ಶುರು ಮಾಡಿದ ಹೊಸದರಲ್ಲಿ ಇಂಡಿ ಕಡೆಯ ಒಬ್ಬ ಹಮಾಲರಿಗೆ ನಾನು ಮೂರು ವಾರ ಶರ್ಬತ್ ಏಜಾಜ್, ಲವೂಖ್ ಸಪಿಸ್ತಾನ್ ಕೊಡುತ್ತಾ ಹೋದೆ. ಕೆಮ್ಮು ಒಣಗೀತು ಎಂದು ಕಾದೆನೇ ಹೊರತು ಕಫ ಪರೀಕ್ಷೆಗೆ ಕಳಿಸಲಿಲ್ಲ. ಕೊನೆಗೆ ಟಿಬಿ ಎಂದು ಗೊತ್ತಾಗುವ ಹೊತ್ತಿಗೆ ಅವರ ಮನೆಯ ಚಿಕ್ಕ ಮಗುವಿಗೂ ತಗುಲಿತ್ತು. ಅಲ್ಲಾಹನ ದಯೆಯಿಂದ ಇಬ್ಬರೂ ಗುಣವಾದರು. ಆದರೆ ಆ ಮೂರು ವಾರಗಳ ತಪ್ಪು ನನ್ನದು. ಅಂದಿನಿಂದ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಇಲ್ಲದೆ ನಾನು ಲವೂಖ್ ಬರೆಯುವುದಿಲ್ಲ.

ಯುನಾನಿಯಲ್ಲಿ ಈ ರೋಗ ಹೊಸದಲ್ಲ. ‘ಸಿಲ್’ ಎಂಬ ಹೆಸರಿನಲ್ಲಿ ಇಬ್ನ್ ಸೀನಾ (980–1037) ತಮ್ಮ ‘ಅಲ್-ಖಾನೂನ್’ ಗ್ರಂಥದಲ್ಲಿ ಇದರ ಬಗ್ಗೆ ಬರೆದರು, ಒಬ್ಬರಿಂದ ಒಬ್ಬರಿಗೆ ಅಂಟುವ ರೋಗಗಳಲ್ಲಿ ಇದನ್ನೂ ಎಣಿಸಿದರು. ಆದರೆ ಅವರ ಕಾಲಕ್ಕೆ ಕ್ರಿಮಿಯೂ ಕಂಡಿರಲಿಲ್ಲ, ಅದರ ಕಿಣ್ವವೂ ಕಂಡಿರಲಿಲ್ಲ. ಇಂದು ಕಂಡಿದೆ. ಆದ್ದರಿಂದ ಯುನಾನಿ ಪದವಿ ಪಡೆದವನಾಗಿಯೇ ಹೇಳುತ್ತೇನೆ: ಟಿಬಿಗೆ ಟಿಬಿ ಗುಳಿಗೆಯೇ ಮದ್ದು. ಖಮೀರಾ, ಯಖನಿ, ಖರ್ಜೂರ ಬಲ ಕೊಡಬಹುದು, ಕ್ರಿಮಿಯನ್ನು ಕೊಲ್ಲಲಾರವು. ಯಾರೋ ಕೊಟ್ಟ ಕುಶ್ತಾ, ಪುಡಿಗಳನ್ನು ಈ ಗುಳಿಗೆಗಳ ಜೊತೆ ಸೇರಿಸಬೇಡಿ. ಟಿಬಿ ಔಷಧಿಗಳಿಂದ ಯಕೃತ್ತಿಗೆ ಮೊದಲೇ ಶ್ರಮವಿರುತ್ತದೆ.

ಮನೆಯವರು ಕೇಳುವ ಪ್ರಶ್ನೆಗಳು

ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದೆ, ರಕ್ತವೇ?
ಅಲ್ಲ. ಅದು ರಿಫಾಂಪಿಸಿನ್‌ನ ಬಣ್ಣ. ಬೆವರು, ಕಣ್ಣೀರೂ ಬಣ್ಣ ಕಟ್ಟಬಹುದು, ಬಿಳಿ ಅಂಗಿಗೆ ಕಲೆಯಾಗಬಹುದು. ಹೆದರಿ ಗುಳಿಗೆ ನಿಲ್ಲಿಸಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ನೋಟ ಮಂಜಾದರೆ ಅದೇ ದಿನ ವೈದ್ಯರನ್ನು ಕಾಣಿ. ಕೈಕಾಲು ಜುಮ್ಮೆನ್ನುವುದು ಐಸೋನಿಯಾಜಿಡ್‌ನಿಂದ ಆಗಬಹುದು. ಅದಕ್ಕೆ ಬಿ-6 ಗುಳಿಗೆ ಇದೆ, ಕೇಳಿ ಪಡೆಯಿರಿ.

ರಮಝಾನಿನಲ್ಲಿ ಏನು ಮಾಡಬೇಕು?
ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ, ಗುಣವಾದ ಮೇಲೆ ಕಝಾ ಮಾಡಬಹುದು. ಸೊರಗಿದವರು, ಚಿಕಿತ್ಸೆಯ ಮೊದಲ ತಿಂಗಳಲ್ಲಿರುವವರು ಈ ರಿಯಾಯಿತಿಯನ್ನು ಬಳಸಿಕೊಳ್ಳಲಿ. ಗಟ್ಟಿಯಾಗಿದ್ದು ರೋಝಾ ಇಡಲು ವೈದ್ಯರು ಒಪ್ಪಿದರೆ, ಸಹರಿ ಊಟಕ್ಕೆ ಮೊದಲು ದಿನಾಲೂ ಒಂದೇ ಹೊತ್ತಿಗೆ ಗುಳಿಗೆ ತೆಗೆದುಕೊಳ್ಳಬಹುದು. ರೋಝಾಕ್ಕಾಗಿ ಗುಳಿಗೆ ಬಿಡುವುದು ಮಾತ್ರ ಸಲ್ಲದು.

ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಕೇ?
ಶ್ವಾಸಕೋಶದ ಟಿಬಿ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ಮೊದಲ ಕೆಲವು ವಾರ ರೋಗಿ ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಳ್ಳಲಿ, ಕಿಟಕಿ ತೆರೆದ ಬೆಳಕಿನ ಕೋಣೆಯಲ್ಲಿ ಮಲಗಲಿ. ವೈದ್ಯರು ಹೇಳುವವರೆಗೆ ಮಸೀದಿ, ಮದುವೆಗಳ ಗುಂಪಿಗೆ ಹೋಗದಿರಲಿ. ಕಫವನ್ನು ಮುಚ್ಚಳದ ಡಬ್ಬಿಯಲ್ಲಿ ಉಗುಳಿ ಸುಡಬೇಕು ಅಥವಾ ಹೂಳಬೇಕು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಅರ್ಧ ರೋಗಿಗಳಿಗೆ ಆಸ್ಪತ್ರೆಯಲ್ಲಿ, ಅರ್ಧ ರೋಗಿಗಳಿಗೆ ಮನೆಯಲ್ಲೇ ಐಸೋನಿಯಾಜಿಡ್ ಮತ್ತು ಇನ್ನೊಂದು ಔಷಧಿ ಕೊಟ್ಟರು. ಬಡ ಮನೆಗಳಲ್ಲೂ ಚಿಕಿತ್ಸೆ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಫಲಿಸಿತು, ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. ಮನೆ ಮನೆಗೆ ಟಿಬಿ ಚಿಕಿತ್ಸೆ ಮುಟ್ಟಿಸುವ ದಾರಿ ಹೀಗೆ ತೆರೆಯಿತು. ದೇಶದ ಟಿಬಿ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ 1959ರಲ್ಲಿ ಶುರುವಾಯಿತು.

ಮನೆಯ ಉಳಿದವರಿಗೆ?
ಎಲ್ಲರನ್ನೂ ತಪಾಸಣೆಗೆ ಕರೆದೊಯ್ಯಿರಿ. ರೋಗ ಇಲ್ಲದವರಿಗೂ ಅದು ಬರದಂತೆ ತಡೆಯುವ ಗುಳಿಗೆ ಕೊಡುತ್ತಾರೆ. ಅದರಲ್ಲೂ ಐಸೋನಿಯಾಜಿಡ್ ಇರುತ್ತದೆ. ರೋಗಿಯ ವರದಿಯಲ್ಲಿ ಪ್ರತಿರೋಧ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ತೋರಿಸಿ. ಹುಟ್ಟಿದ ಮಗುವಿಗೆ ಬಿಸಿಜಿ ಲಸಿಕೆ ತಪ್ಪಿಸಬೇಡಿ.

ಬಸುರಿ, ಬಾಣಂತಿಯರು?
ಟಿಬಿಯ ಮೊದಲ ಸಾಲಿನ ಗುಳಿಗೆಗಳನ್ನು ಬಸುರಿಯರೂ ತೆಗೆದುಕೊಳ್ಳಬಹುದು, ತಾಯಿ ಎದೆಹಾಲನ್ನೂ ಕೊಡಬಹುದು. ಆದರೆ ಬಸುರಿ ಎಂಬುದನ್ನು ವೈದ್ಯರಿಗೆ ಹೇಳಿ. ಗರ್ಭನಿರೋಧಕ ಗುಳಿಗೆ ನುಂಗುವವರೂ ಹೇಳಬೇಕು, ರಿಫಾಂಪಿಸಿನ್ ಅದರ ಗುಣವನ್ನು ಕುಗ್ಗಿಸುತ್ತದೆ.

ದುಡಿಯಲು ಗೋವಾ, ಪುಣೆ, ಮುಂಬೈಗೆ ಹೋಗಬೇಕು, ಏನು ಮಾಡಲಿ?
ಹೋಗುವ ಮೊದಲು ತಾಲೂಕು ಆಸ್ಪತ್ರೆಯ ಟಿಬಿ ವಿಭಾಗಕ್ಕೆ ತಿಳಿಸಿ. ನಿಮ್ಮ ‘ನಿಕ್ಷಯ್’ ಸಂಖ್ಯೆಯ ಮೇಲೆ ಹೋದ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಮುಂದುವರಿಯುತ್ತದೆ. ಪರೀಕ್ಷೆ, ಗುಳಿಗೆ ಎರಡೂ ಉಚಿತ. ಪೌಷ್ಟಿಕ ಆಹಾರಕ್ಕಾಗಿ ಚಿಕಿತ್ಸೆ ಮುಗಿಯುವವರೆಗೆ ಸರಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ, ಅದು ನೇರ ಬ್ಯಾಂಕ್ ಖಾತೆಗೆ ಬರುತ್ತದೆ.

ಗುಳಿಗೆ ಸರಿಯಾಗಿ ತಿಂದರೂ ಪ್ರತಿರೋಧ ಬರಬಹುದೇ?
ಬರಬಹುದು. ಬದಲಾದ ಕ್ರಿಮಿಯೇ ಬೇರೊಬ್ಬರಿಂದ ಗಾಳಿಯಲ್ಲಿ ಬಂದಿರಬಹುದು. ಆದ್ದರಿಂದ ಅಂತಹ ವರದಿ ಬಂದ ರೋಗಿಯನ್ನು “ನೀನೇ ಗುಳಿಗಿ ಬಿಟ್ಟಿರಬೇಕು” ಎಂದು ದೂರಬೇಡಿ.

ಕೊನೆಯದಾಗಿ

ಸಿಂದಗಿ ಕಡೆಯ ಆ ಹುಡುಗಿಗೆ ಐಸೋನಿಯಾಜಿಡ್ ನಿಲ್ಲಿಸಿ, ಉಳಿದ ಮೂರು ಔಷಧಿಗಳ ಜೊತೆ ಲೆವೊಫ್ಲಾಕ್ಸಾಸಿನ್ ಸೇರಿಸಿ ಹೊಸದಾಗಿ ಆರು ತಿಂಗಳ ಚಿಕಿತ್ಸೆ ಕೊಟ್ಟರು. ಈ ಸಲ ಡಬ್ಬಿ ಜೋಳದ ಚೀಲದ ಹಿಂದೆ ಇರಲಿಲ್ಲ, ಅಡುಗೆಮನೆಯ ಗೂಡಿನಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಇತ್ತು. ತಂದೆಯೇ ಗಂಡಿನ ಮನೆಗೆ ಹೋಗಿ ವಿಷಯ ಹೇಳಿದರು. ಆ ಸಂಬಂಧ ಮುರಿಯಿತು. ಹುಡುಗಿ ಮಾತ್ರ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ, ಕೊನೆಯ ಕಫ ಪರೀಕ್ಷೆಯಲ್ಲಿ ಕ್ರಿಮಿ ಇರಲಿಲ್ಲ. ಮರುವರ್ಷ ಬಾಗೇವಾಡಿ ಕಡೆಯ ಒಂದು ಮನೆಯವರು ಎಲ್ಲವನ್ನೂ ಕೇಳಿ ತಿಳಿದು ಅವಳನ್ನು ಸೊಸೆ ಮಾಡಿಕೊಂಡರು.

ಟಿಬಿ ವಂಶದಿಂದ ಬರುವ ಕಳಂಕವಲ್ಲ, ಗುಣವಾದವರು ಮದುವೆಗೆ ಅನರ್ಹರೂ ಅಲ್ಲ. ನಾವು ಬಚ್ಚಿಟ್ಟ ಒಂದೊಂದು ದಿನದ ಗುಳಿಗೆಯೂ ಕ್ರಿಮಿಗೆ ಸಿಕ್ಕ ಅವಕಾಶ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಇಳಿಯುವ ತೂಕ, ಕಫದಲ್ಲಿ ರಕ್ತ ಇವುಗಳಲ್ಲಿ ಒಂದು ಕಂಡರೂ ಕಫ ಪರೀಕ್ಷೆ ಮಾಡಿಸಿ. ಗುಳಿಗೆ ಶುರುವಾದರೆ ವೈದ್ಯರು ಸಾಕು ಎನ್ನುವವರೆಗೆ ಬಿಡಬೇಡಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ.